ಬಸೂನ ಶೆಗಡಿಗೂ ಮಣ್ಣು ಸಾರಿಸಿದೆವು

ಪ್ರೀತಿಯ ತಮ್ಮ ಬಸೂಗೆ, ಅಕ್ಕನ ಆಶೀರ್ವಾದಗಳು.

ಅಲ್ಲಿ ಅಪ್ಪ, ಅವ್ವ ಹೇಗಿದ್ದಾರೆ? ಕಲ್ಲವ್ವಜ್ಜಿಯ ಮೊಣಕಾಲು ಬೇನೆ ಅಲ್ಲಿಯಾದರೂ ಬಿಟ್ಟಿತೇ? ಗುರಪ್ಪ ಕಾಕಾ ಈಗಲೂ ಊಟಕ್ಕೆ ಕೂತ ಕೂಡಲೇ ಕೆಮ್ಮುತ್ತಾನೆಯೇ? ನೀನು ಹೋಗಿ ಒಂದು ಮಳೆಗಾಲ ಕಳೆಯಿತು. ಇಲ್ಲಿ ಮಲಾಡಿನ ಚಾಳಿನಲ್ಲಿ ನಾನು, ನಿನ್ನ ಹೆಂಡತಿ ಶಾಂತವ್ವ, ಮಗಳು ನೀಲಾ ಮೂವರೂ ಆರಾಮ. ಈ ಮಾತನ್ನು ಹೋದ ವಾರವಾದರೆ ಬರೆಯಲು ಆಗುತ್ತಿರಲಿಲ್ಲ.

ಆ ಗ್ಯಾಸಿನ ಶೆಗಡಿ ತಂದ ದಿನ ನೆನಪಿದೆಯೇ? ವಿಕ್ರೋಳಿಯ ಬಂಗಲೆಯಲ್ಲಿ ನೀನು ಅಡುಗೆ ಮಾಡಿ ಹಾಕುತ್ತಿದ್ದ ಪರದೇಶದ ಸಾಹೇಬ ತನ್ನ ಊರಿಗೆ ಹೊರಟಾಗ ಕೊಟ್ಟು ಹೋದದ್ದು. ಕಾಲಿಗೆ ಗಾಲಿ, ಮೇಲೆ ಪೆಟ್ಟಿಗೆಯಂಥ ಮುಚ್ಚಳ, ಒಳಗೆ ಸುಡಲು ಕಬ್ಬಿಣದ ಜಾಳಿಗೆ. ಚಾಳಿನವರೆಲ್ಲ ಮದುಮಗಳನ್ನು ನೋಡಿದಂತೆ ನೋಡಿದರು. ನಾನು ಬಾಗಿಲಿಗೆ ಅಡ್ಡ ನಿಂತು, "ಅದರ ಮ್ಯಾಲ ಸಾಹೇಬ ಏನೇನ್ ಸುಟ್ಟಾನೋ, ನನ್ನ ಹೊಸ್ತಿಲಾ ದಾಟಬಾರದು" ಅಂದೆ. ನೀನು, "ಅದು ಹೊರಗ ಇರೂದಕ್ಕಾ. ನಿನ್ನಂಗ ಒಳಗ ಕುಂತು ಆಳೂದಿಲ್ಲ" ಅಂದೆ. ಹೊಸ ಜಾಳಿಗೆ ಮಾಡಿಸಿ ಹಾಕಿದೆ. ಆಮೇಲೆ ಅದರ ಮೇಲೆ ಸುಟ್ಟ ಬದನೆಕಾಯಿಯನ್ನು ಮೊದಲು ತಿಂದವಳು ಯಾರೆಂದು ಹೇಳಬೇಕೇ...

ಭಾನುವಾರ ಹಿಂದಿನ ಅಂಗಳದಲ್ಲಿ ನೀನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಜಾಳಿಗೆ ಬಿಸಿಯಿರುವಾಗಲೇ ತಂತಿ ಬ್ರಷ್ಷಿನಿಂದ ಕೆರೆದು, ಅರ್ಧ ಉಳ್ಳಾಗಡ್ಡೆ ತಿಕ್ಕಿ, ಕೊನೆಗೆ ಶೇಂಗಾ ಎಣ್ಣೆ ಸವರುವುದು. ರಬ್ಬರ್ ನಳಿಗೆಗೆ ಸಾಬೂನು ನೀರು ಹಚ್ಚಿ ಕಣ್ಣು ಕೀಲಿಸಿ ನೋಡುವುದು. "ಗುಳ್ಳಿ ಎದ್ರ ಗ್ಯಾಸ್ ಸೋರಾಕತ್ತೇತಿ ಅಂತ ತಿಳಿ. ಮುಚ್ಚಳಾ ತೆಗದಾ ಹಚ್ಚಬೇಕ. ಮುಚ್ಚಿ ಹಚ್ಚಿದ್ರ ನಮಗಾ ಹಚ್ಚಿಕೊಂಡಂಗ." ನಾನು ಮೆಂತ್ಯ ಬಿಡಿಸುತ್ತ ಹೂಂಗುಟ್ಟುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ನೀನು ಹೋದ ಸೂತಕ ಕಳೆಯಲು ಪದ್ಧತಿಯಂತೆ ಮನೆಯ ಇದ್ದಲಿ ಒಲೆಗೆ ಹೊಸದಾಗಿ ಮಣ್ಣು, ಸಗಣಿ ಸಾರಿಸಿದೆವು. ಮಿಕ್ಕ ಮಣ್ಣನ್ನು ಶಾಂತವ್ವ ಅಂಗಳಕ್ಕೆ ಒಯ್ದಳು. "ಇದೂ ಅವರ ಒಲಿನಾ ಅಲ್ಲೇನ್ರಿ" ಎಂದು ನಿನ್ನ ಶೆಗಡಿಯ ಬರ್ನರಿಗೂ ಸಾರಿಸಿದಳು. ಆ ಹೊತ್ತಿನಲ್ಲಿ ಅವಳಿಗೆ ಯಾರು ಬೇಡವೆನ್ನುತ್ತಾರೆ? ಸಿಲಿಂಡರ್ ಬಿಚ್ಚಿ ಬೇರೆ ಇಟ್ಟು, ತಾಡಪತ್ರಿ ಕಟ್ಟಿ ಮಳೆಗಾಲ ದಾಟಿಸಿದೆವು.

ದಸರಾ ಮುಗಿಯುತ್ತಲೇ ಅವಳ ಅಣ್ಣ ಮಲ್ಲಪ್ಪ ಊರಿನಿಂದ ಬಂದ. "ಗಂಡಸಿಲ್ಲದ ಮನಿ. ಈ ಊರಾಗ ಏನ್ ತಿಂತೀರಿ? ಗಂಟು ಕಟ್ರಿ, ನಡೀರಿ." ಶಾಂತವ್ವನಿಗೆ ಹೋಗುವ ಮನಸ್ಸಿರಲಿಲ್ಲ. ನೀನು ಮೊದಲು ಕಾರ್ಯದ ಅಡುಗೆ ಮಾಡಿಕೊಟ್ಟಿದ್ದ ಸ್ಟೇಷನ್ ಹತ್ತಿರದ ಬಿಲ್ಡಿಂಗಿನವರು ತೊಟ್ಟಿಲು ಕಾರ್ಯಕ್ಕೆ ಟೆರೇಸಿನ ಮೇಲೆ ನಿನ್ನ ಕೈರುಚಿಯದೇ ಸುಟ್ಟ ಬದನೆಕಾಯಿ, ಜೋಳದ ರೊಟ್ಟಿ ಬೇಕೆಂದು ಕೇಳಿ ಹೋಗಿದ್ದರು. "ಇದೊಂದು ಮಾಡಿ ತೋರಸ್ತೀನಿ. ಆಗಲಿಲ್ಲಾಂದ್ರ ನಾನಾ ಗಂಟು ಕಟ್ತೀನಿ" ಅಂದಳು.

ಕಾರ್ಯದ ಹಿಂದಿನ ದಿನ ತಾಡಪತ್ರಿ ಬಿಚ್ಚಿ ಹಚ್ಚಿ ನೋಡಿದೆವು. ಒಂದು ಮೂಲೆಯಲ್ಲಿ ಹಳದಿ ಉರಿ, ಉಳಿದ ಕಡೆ ಬರೀ ವಾಸನೆ. ಮಲ್ಲಪ್ಪ ಚಪ್ಪಲಿ ಬಿಟ್ಟು ಗೇಟಿನ ತನಕ ಓಡಿದ. ಶಾಂತವ್ವ ಗ್ಯಾಸು ಬಂದ್ ಮಾಡಿ ನೆಲಕ್ಕೆ ಕೂತಳು. "ಆತು ಬಿಡ್ರಿ. ಅವರ ಕೂಡ ಅದೂ ಹೋತು."

ಆಗ ನನಗೆ ನೀನು ಕಂಡೆ, ಬಸೂ. ಬರ್ನರನ್ನು ಹೊರಗೆ ತೆಗೆದು ಕೊಳಲಿನಂತೆ ತುಟಿಗಿಟ್ಟು ಊದುತ್ತಿದ್ದೆಯಲ್ಲ! ಅದು ಆರಿದ ಮೇಲೆ ಬಿಚ್ಚಿಸಿ, ಶಾಂತವ್ವನಿಗೆ ಊದಲು ಹೇಳಿದೆ. ಉಸಿರು ದಾಟಲಿಲ್ಲ. ತೂತುಗಳಲ್ಲೆಲ್ಲ ನಮ್ಮದೇ ಮಣ್ಣು, ಸಗಣಿ. ಸೀಮೆಎಣ್ಣೆ ಸ್ಟವ್ವಿನ ಪಿನ್ನಿನಿಂದ ಒಂದೊಂದನ್ನೇ ಚುಚ್ಚಿದೆವು. ಒಳಗಿನಿಂದ ಜೇಡರ ಬಲೆಯೂ ಬಂತು. ನೀಲಾ ನಕ್ಕೂ ನಕ್ಕೂ, "ಆತ್ಯಾ, ಮಮ್ಮಿ ಗ್ಯಾಸ್‌ಕೋ ಭೀ ಗೋಬರ್ ಲಗಾಯಾ! ಸ್ಕೂಲ್‌ನಾಗ ಹೇಳಿದ್ರ ಕೋಯಿ ನಂಬಂಗಿಲ್ಲ" ಅಂದಳು. ನೀನು ಹೋದ ಮೇಲೆ ಶಾಂತವ್ವ ನಕ್ಕದ್ದು ಅಂದೇ ಮೊದಲು. ನಳಿಗೆಗೆ ಸಾಬೂನು ನೀರು ಹಚ್ಚಿದೆವು, ಗುಳ್ಳೆ ಏಳಲಿಲ್ಲ. ಮುಚ್ಚಳ ತೆರೆದು ಕಡ್ಡಿ ಗೀರಿದಳು. ನೀಲಿ ಉರಿ, ಈ ತುದಿಯಿಂದ ಆ ತುದಿಗೆ. ನನ್ನ ಎದೆಯ ಮೇಲಿನ ಕಲ್ಲು ಯಾವಾಗ ಇಳಿಯಿತೋ ತಿಳಿಯಲಿಲ್ಲ.

ಮರುದಿನ ಟೆರೇಸಿನಲ್ಲಿ ಮಲ್ಲಪ್ಪ ಕೊನೆಯ ಪಂಕ್ತಿಯಲ್ಲಿ ಕೂತು ಉಂಡ. ಮತ್ತೊಮ್ಮೆ ಬದನೆಕಾಯಿ ಹಾಕಿಸಿಕೊಂಡ. ಕೈ ತೊಳೆಯುವಾಗ ತಂಗಿಗೆ, "ದೀಪಾವಳಿಗೆ ಊರಿಗೆ ಬಂದು ಹೋಗ್ರಿ" ಅಂದ. ಕೇಳಿದೆಯಾ? ಬಂದು ಹೋಗ್ರಿ ಅಂದ. ನಿನ್ನೆ ಒಬ್ಬನೇ ಗಾಡಿ ಹತ್ತಿದ.

ಇನ್ನು ಮೇಲೆ ಭಾನುವಾರದ ಸಾಬೂನು ನೀರು ನನ್ನ ಪಾಲಿಗೆ, ಮಾತು ಕೊಟ್ಟಿದ್ದೇನೆ. ಒಂದೇ ಒಂದು ತಿಳಿಯಬೇಕು. ಎಲ್ಲ ತಿರುಗಿ ಜೋಡಿಸಿದ ಮೇಲೆ ಒಂದು ಸ್ಕ್ರೂ ನನ್ನ ಕೈಯಲ್ಲಿ ಉಳಿದಿದೆ. ಸಣ್ಣದು, ತಲೆ ಸವೆದದ್ದು. ಅದಿಲ್ಲದೆಯೂ ಚೆನ್ನಾಗಿಯೇ ಉರಿಯುತ್ತಿದೆ, ಚಿಂತೆ ಮಾಡಬೇಡ. ಆದರೂ ಅದರ ಜಾಗ ಯಾವುದು, ಬಸೂ? ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆ. ತಡಮಾಡದೆ ಎರಡು ಸಾಲು ಬರೆ.

ನಿನ್ನ ಅಕ್ಕ