ಅಫ್ನಾನ್ ಓದಿದ ಹಾಳೆ

ದೇರಾ, 14 ನವೆಂಬರ್ 2014, ಶುಕ್ರವಾರ

ಪತ್ರಿಕೆ ಮುಂದುವರಿಯುತ್ತದೋ ಇಲ್ಲವೋ ಎಂದು ನಾಳೆ ಪ್ರೆಸ್ಸಿನವನಿಗೆ ಹೇಳಲೇಬೇಕು. ನನ್ನ ಕಣ್ಣು ಸೋತಿದೆ. ಕೊಲ್ಲಿಗೆ ಬಂದ ನಮ್ಮವರಿಗಾಗಿ ಮನೆಮಾತು ನವಾಯತಿಯಲ್ಲಿ, ಅರಬಿ ಅಕ್ಷರದಲ್ಲಿ ತರುವ ಈ ನಾಲ್ಕು ಪುಟದ ಪತ್ರಿಕೆಯನ್ನು ಇನ್ನು ಯಾರಾದರೂ ನಡೆಸಬೇಕು. ಮನಸ್ಸಿನಲ್ಲಿದ್ದವಳು ಮೊಮ್ಮಗಳು ಅಫ್ನಾನ್.

ಇವತ್ತು ಅವಳೇ ಕಾಲೇಜಿನ ಪ್ರಬಂಧ ಹಿಡಿದು ಬಂದಳು. ಅಮೆರಿಕಕ್ಕೆ ವಲಸೆ ಹೋದ ಯಹೂದಿಗಳ ಯಿಡ್ಡಿಷ್ ಪತ್ರಿಕೆಗಳ ಕಥೆ. ಮನೆಯ ಮಾತು, ಪ್ರಾರ್ಥನೆಯ ಅಕ್ಷರ. ಥೇಟು ನಮ್ಮದೇ! ಹೊಸ ದೇಶದಲ್ಲಿ ಬದುಕುವುದನ್ನು ಆ ಪತ್ರಿಕೆಗಳೇ ಕಲಿಸಿದವಂತೆ. ಮಕ್ಕಳು ಮಾತ್ರ ಇಂಗ್ಲಿಷ್ ಪತ್ರಿಕೆ ಹಿಡಿದರಂತೆ. ಒಳ್ಳೆಯ ಇಂಗ್ಲಿಷ್ ಶಾಲೆ ಯಾವುದೆಂದು ನಾನೂ ಎಷ್ಟು ಸಲ ಬರೆದಿಲ್ಲ.

ಮುಂದಿನ ಸಂಚಿಕೆಗೆ ಬರೆದಿಟ್ಟ ಹಾಳೆ ಕೊಟ್ಟು, "ಓದು ನೋಡೋಣ ಮಗಳೇ" ಎಂದೆ. ಕುರಾನ್ ಓದಿ ಪಳಗಿದ ನಾಲಿಗೆ. ಅಲ್ಲಲ್ಲಿ ತಡೆದರೂ ಪೂರ್ತಿ ಓದಿದಳು, ಎಷ್ಟು ಇಂಪಾಗಿ!

"ರುಕಿಯ್ಯಾ, ಎಡಿಟರ್ ಸಿಕ್ಕಿದಳು!" ಎಂದು ಹೆಂಡತಿಯನ್ನು ಕೂಗಿದೆ.

"ಮೀನು ಕಟ್ಟಲಿಕ್ಕೂ ಸಾಲದ ಪೇಪರಿಗೆ ಎಡಿಟರ್ ಬೇರೆ ಕೇಡು!" ಅಡುಗೆಮನೆಯಿಂದಲೇ ಅಂದಳು.

ಅಫ್ನಾನ್ ನಗುತ್ತಾ ತಲೆಯೆತ್ತಿದಳು. "ದಾದಾ, ಸೌಂಡ್ಸ್ ಸೋ ನೈಸ್. ವಾಟ್ ಡಸ್ ಇಟ್ ಮೀನ್?"

ಇನ್ನು ಮುಂದೆ ಈ ಪತ್ರಿಕೆಯನ್ನು ನನ್ನ ಮೊಮ್ಮಗಳು ನಡೆಸುತ್ತಾಳೆ, ನನ್ನನ್ನು ಸಹಿಸಿಕೊಂಡಂತೆ ಅವಳನ್ನೂ ಸಹಿಸಿಕೊಳ್ಳಿ ಎಂದು ಆ ಹಾಳೆಯಲ್ಲಿ ಬರೆದಿದ್ದೆ.

"ಏನಿಲ್ಲ ಮಗಳೇ, ಅಕ್ಕಿ ಅಂಗಡಿಯ ಜಾಹೀರಾತು" ಎಂದೆ.

ಅವಳು ಹಾಳೆಯನ್ನು ಜೋಪಾನವಾಗಿ ಮಡಚಿ ಕೈಗಿತ್ತಳು. ಪ್ರೀತಿಗೇನೂ ಕಡಿಮೆಯಿಲ್ಲ. ಅದೇ ಸಂಕಟ. ಪ್ರೆಸ್ಸಿನವನಿಗೆ ಖಲಾಸ್ ಅಂದರೆ ಸಾಕು, ಅರ್ಥವಾಗುತ್ತದೆ. ಓದುವವರಿಗೆ ಏನೆಂದು ಬರೆಯಲಿ, ಉಳಿದಿರುವ ಆ ನಾಲ್ಕು ಮುದುಕರಿಗೆ?