ಹುಳ ಏಳುವವರೆಗೂ ಸೊಪ್ಪು ಹಾಕಬೇಡಿ

ರೀ,

ನಿಮ್ಮ ಮಾತ್ರೆ ಮುಗಿದಿವೆ. ಏಳೂವರೆ ಬಸ್ಸಿಗೆ ಕನಕಪುರಕ್ಕೆ ಹೋಗಿ ತರುತ್ತೇನೆ. ಮುದ್ದೆ, ಉಪ್ಸಾರು ಮುಚ್ಚಿಟ್ಟಿದ್ದೇನೆ. ನಿನ್ನೆಯ ಹಾಗೆ ಹಸಿವಿಲ್ಲ ಅಂತ ನಾಯಿಗೆ ಹಾಕಿದರೆ ನನಗೆ ಗೊತ್ತಾಗುತ್ತದೆ.

ರೇಷ್ಮೆ ಹುಳ ಪೊರೆ ಬಿಡಲು ಮೂರನೇ ಜ್ವರಕ್ಕೆ ಕೂತಿವೆ. ಕುರ್ಚಿಯ ಪಕ್ಕದಲ್ಲೇ ಇದೆ ಅಂತ ತಟ್ಟೆ ಮುಟ್ಟಬೇಡಿ. ಕೂತು ಕೂತು ಬೇಜಾರಾಯಿತು ಅಂತ ಸೊಪ್ಪು ಹಾಕಬೇಡಿ. ಎಲ್ಲವೂ ಪೊರೆ ಬಿಟ್ಟು ಎದ್ದ ಮೇಲೆ ನಾನೇ ಹಾಕುತ್ತೇನೆ.

ಮದುವೆಯಾದ ಹೊಸತರಲ್ಲಿ ನಾನು, ಪಾಪ ಉಪವಾಸ ಇವೆ ಅಂತ, ಜ್ವರದಲ್ಲಿದ್ದ ಹುಳಕ್ಕೆ ಸೊಪ್ಪು ಹಾಕಿ ಇಡೀ ಬೆಳೆ ಕೆಡಿಸಿದ್ದೆ. ನೀವು ಬೈಯಲಿಲ್ಲ. "ಈಗ ಸೊಪ್ಪು ಕೊಡ್ದೆ ಇರೋದೂ ಸಾಕೋ ಕೆಲ್ಸಾನೇ ಕಣಮ್ಮಿ. ಸತ್ತಂಗೆ ಕಾಣ್ತವೆ ಅಷ್ಟೆಯ, ಒಳಗೆ ಹೊಸ ಚರ್ಮ ಬತ್ತಾ ಐತೆ" ಅಂದಿರಿ.

ಬೈಕಿನಿಂದ ಬಿದ್ದು ನಿಮ್ಮ ಕಾಲು ಮುರಿದು ನಾಲ್ಕು ತಿಂಗಳಾಯಿತು. ಅವತ್ತಿನಿಂದ, ದೇವರು ನಮ್ಮನ್ನು ಮರೆತ ಅನ್ನುತ್ತೀರಿ. ಹುಳ ಸಾಕುವ ನಿಮಗೆ ತಿಳಿದಿರುವಷ್ಟು ನಮ್ಮನ್ನು ಸಾಕುವವನಿಗೆ ತಿಳಿಯದೇ? ನನಗೂ ಕೆಲವು ದಿನ ನಂಬಿಕೆ ಬರುವುದಿಲ್ಲ. ಅಂಥ ದಿನ ತಟ್ಟೆಯ ಮುಂದೆ ನಿಂತು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತ ಆ ಹುಳಗಳನ್ನು ನೋಡುತ್ತೇನೆ.

ದೀಪಕ್ಕೆ ಎಣ್ಣೆ, ಬತ್ತಿ ಹಾಕಿಟ್ಟಿದ್ದೇನೆ. ಬೇಕೆಂದೇ ಹಚ್ಚಿಲ್ಲ. ಇನ್ನು ಊರುಗೋಲು ಹಿಡಿದು ದಿನಾ ಹತ್ತು ಹೆಜ್ಜೆ ನಡೆಯಬೇಕು ಅಂತ ಡಾಕ್ಟರು ಹೇಳಿದ್ದಾರಲ್ಲ, ನಿಮ್ಮ ಕುರ್ಚಿಯಿಂದ ದೇವರ ಗೂಡಿನವರೆಗೆ ಎಣಿಸಿ ನೋಡಿದೆ.

ಒಂಬತ್ತೇ ಇದೆ.