ಕರಡಿಯ ಹಸಿವು ಮತ್ತು ನಿಮ್ಮ ಉಪನ್ಯಾಸ

ಆದಿತ್ಯನಗರ
೨೩ ಜುಲೈ ೨೦೦೩

ಉಪವಾಸ ವಿಜ್ಞಾನದ ಮಹಾಪಂಡಿತರಾದ ನಂದಕಿಶೋರ ರಾಯರಿಗೆ ಹೆಂಡತಿ ಹರಿಪ್ರಿಯಾಳ ನಮಸ್ಕಾರ. ಗಂಡನ ಹೆಸರು ಹಿಡಿದು ಬರೆದಳೆಂದು ಮುಖ ಸಿಂಡರಿಸಬೇಡಿ. ನನ್ನ ನೋಟ್ಸನ್ನು ನಿಮ್ಮದೆಂದು ಓದುವಾಗ ನಿಮಗಾಗದ ಸಂಕೋಚ ನನಗೇಕೆ ಆಗಬೇಕು?

ನಿಮ್ಮ ಕಾಗದ ತಲುಪಿತು. ಅತ್ತೆಯವರನ್ನು ಶನಿವಾರದೊಳಗೆ ಸೇಡಂನ ನಿಮ್ಮ ಮನೆಗೆ ಕಳಿಸಬೇಕಂತೆ. ಎರಡನೇ ಉಪನ್ಯಾಸಕ್ಕೆ ಅವರು ಮುಂದಿನ ಸಾಲಿನಲ್ಲಿ ಕೂರಬೇಕಂತೆ, ಔಷಧಿ ಬಿಟ್ಟು ವ್ರತ ಹಿಡಿದ ತಾಯಿ ಎಂದು ನೀವು ಜನಕ್ಕೆ ತೋರಿಸಬೇಕಂತೆ. ಜೊತೆಗೆ ನನ್ನ ಎಂ.ಎಸ್ಸಿ. ನೋಟ್ಸಿನ ಉಳಿದ ಹಾಳೆಗಳೂ ಬೇಕಂತೆ. ಭೇಷ್! ಆಸ್ಪತ್ರೆಯಿಂದ ನೇರ ನನ್ನ ಜೊತೆ ಇಲ್ಲಿಗೆ ಬಂದು ಹತ್ತು ದಿನವಾಗದ ಮುದುಕಿಯನ್ನು ಪ್ರದರ್ಶನಕ್ಕಿಡುವ ಮಗ ಈ ಸೀಮೆಯಲ್ಲಿ ನೀವೊಬ್ಬರೇ ಇರಬೇಕು.

ನಿಮ್ಮ ಮೊದಲ ಉಪನ್ಯಾಸ ನಾನು ಮರೆತಿಲ್ಲ. ಪ್ರಥಮೈಕಾದಶಿಯ ಹಿಂದಿನ ಸಂಜೆ ಶಾಲು ಹೊದ್ದು, ಮೈಕಿನ ಮುಂದೆ ಗಂಟಲು ಸರಿಪಡಿಸಿಕೊಂಡು ಅಂದಿರಿ: "ದೇವರು ನಾಕು ತಿಂಗಳು ಮಲಗ್ತಾನ. ಕರಡೀನೂ ನಾಕು ತಿಂಗಳು ಉಣಲಾರದ ಮಲಗ್ತದ. ಅದಕ್ಕ ಸಕ್ಕರಿ ಬ್ಯಾನಿ ಬರಂಗಿಲ್ಲ, ಗುಳಗಿ ಬೇಕಾಗಂಗಿಲ್ಲ. ನಮ್ಮ ಹಿರೇರಿಗೆ ಇದೆಲ್ಲಾ ಮೊದಲೇ ಗೊತ್ತಿತ್ರಿ!" ಜನ ಚಪ್ಪಾಳೆ ತಟ್ಟಿದರು. ನಿಮ್ಮ ತಾಯಿ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮಗ ಹೇಳಿದ ಮೇಲೆ ಮುಗಿಯಿತಲ್ಲ! ಡಾಕ್ಟರು ಬಿಡಿಸಿದ್ದ ಏಕಾದಶಿಯನ್ನು ಮೂರು ವರ್ಷದ ಮೇಲೆ ಮತ್ತೆ ಹಿಡಿದರು, ನನಗೆ ಒಂದು ಮಾತೂ ಹೇಳದೆ.

ಕದ್ದ ಹಾಳೆಯನ್ನು ಪೂರ್ತಿಯಾದರೂ ಓದಬಾರದಿತ್ತೆ? ಚಳಿದೇಶದ ಕರಡಿ ನಿದ್ದೆಗೆ ಮುಂಚೆ ತಿಂಗಳುಗಟ್ಟಲೆ ತಿನ್ನುತ್ತದೆ, ಅದೂ ಹಗಲು ರಾತ್ರಿ ಎನ್ನದೆ. ಮೈಯಲ್ಲಿ ಕೊಬ್ಬು ಹೆಚ್ಚಿದಾಗ ಆ ಕೊಬ್ಬೇ ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು ಮಿದುಳಿಗೆ ಸಾಕು ಎನ್ನುತ್ತದೆ. ಹೀಗೆ ಚಳಿನಿದ್ದೆಗೆ ಅಣಿಯಾಗುವ ಎಷ್ಟೋ ಪ್ರಾಣಿಗಳಲ್ಲಿ ಆ ಕಾಲಕ್ಕೆ ಮಿದುಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಚಳಿ ಬಿದ್ದಾಗ ಹಸಿವು ತಾನಾಗಿ ಅಡಗುತ್ತದೆ, ಎದೆಬಡಿತ ಇಳಿಯುತ್ತದೆ, ಕೂಡಿಟ್ಟ ಕೊಬ್ಬು ನಿಧಾನಕ್ಕೆ ಕರಗುತ್ತದೆ. ಇನ್ಸುಲಿನ್ ಹೇಳಿದ್ದನ್ನೂ ದೇಹ ಆಗ ಅಷ್ಟಾಗಿ ಕೇಳುವುದಿಲ್ಲ, ವಸಂತ ಬಂದರೆ ಮತ್ತೆ ಕೇಳುತ್ತದೆ. ಕರಡಿ ವ್ರತ ಮಾಡುವುದಿಲ್ಲ ರಾಯರೇ, ಅದಕ್ಕೆ ಹಸಿವೇ ಆಗುವುದಿಲ್ಲ. ಇನ್ನು ನಮ್ಮ ಬಯಲುಸೀಮೆಯ ಕರಡಿಯಂತೂ ಆ ನಿದ್ದೆಗೇ ಹೋಗುವುದಿಲ್ಲ, ವರ್ಷವಿಡೀ ಗೆದ್ದಲು ಹುಡುಕಿ ತಿಂದು ತನ್ನ ಪಾಡಿಗೆ ತಾನಿರುತ್ತದೆ. ಉಪನ್ಯಾಸ ಕೊಡುವ ಚಟ ಅದಕ್ಕಿಲ್ಲ.

ನಿಮ್ಮ ತಾಯಿ ಎಪ್ಪತ್ತೊಂದರ ಸರಸ್ವತಿಬಾಯಿ, ತೂಕ ನಲವತ್ತೆರಡು ಕಿಲೋ. ಅವರ ಮೈಯಲ್ಲಿ ಕೂಡಿಟ್ಟದ್ದಾದರೂ ಏನಿದೆ? ಆ ಬೆಳಿಗ್ಗೆ ಇನ್ಸುಲಿನ್ ಆಗಿತ್ತು, ಹೊಟ್ಟೆಗೆ ಮಾತ್ರ ಏನೂ ಇರಲಿಲ್ಲ. ಸೂಜಿ ಬಾಯಿಗೆ ಹೋಗುವುದಲ್ಲ, ಅದರಿಂದ ಉಪವಾಸ ಕೆಡದು ಎಂಬ ಜಾಣತನ ನಮ್ಮ ಮನೆಗಳಲ್ಲಿದೆಯಲ್ಲ! ಹನ್ನೊಂದಕ್ಕೆ ತುಳಸಿಕಟ್ಟೆಯ ಪಕ್ಕ ಬಿದ್ದಿದ್ದರು, ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. ನಾನು ಒಸಡಿಗೆ ಸಕ್ಕರೆ ಉಜ್ಜುತ್ತಿದ್ದರೆ ನೀವು ಬಾಗಿಲಲ್ಲಿ ನಿಂತು, "ಏಕಾದಶಿ ದಿನ ಬಾಯಾಗ ಸಕ್ಕರಿ ಹಾಕ್ಲಿಕತ್ತೀಯೇನ? ವ್ರತ ಕೆಡ್ತದ!" ಎಂದಿರಿ. ಆಟೋದ ಜಹಾಂಗೀರ, "ಸರೀರಿ ಸಾಹೇಬ್ರ, ಮೊದಲ ಜೀವಾ ಉಳಸ್ಕೊಳ್ರಿ" ಎಂದು ನಿಮ್ಮನ್ನು ಬದಿಗೆ ಸರಿಸಿ ಅವರನ್ನು ಎತ್ತಿಕೊಂಡ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಥೂ, ನಿಮ್ಮ ಪಾಂಡಿತ್ಯಕ್ಕಿಷ್ಟು!

ಅತ್ತೆಯವರು ಬರುವುದಿಲ್ಲ. ನನ್ನ ಶಾಲೆಯ ಕ್ವಾರ್ಟರ್ಸಿನಲ್ಲೇ ಇರುತ್ತಾರೆ. ಪಕ್ಕದ ಮನೆಯ ನರ್ಸ್ ನಜಮುನ್ನೀಸಾ ಬೆಳಿಗ್ಗೆ ಬಂದು ಸೂಜಿ ಚುಚ್ಚುತ್ತಾರೆ, ಅರ್ಧ ಗಂಟೆಗೆ ನಾನು ರೊಟ್ಟಿ ಬೇಳೆ ಬಡಿಸುತ್ತೇನೆ. ಚಾತುರ್ಮಾಸವೆಂದು ಕಾಯಿಪಲ್ಲೆ ಬಿಟ್ಟಿದ್ದಾರೆ, ಬಿಡಲಿ. ನನಗಿರುವ ಹೆದರಿಕೆ ಒಂದೇ. ನಾಡಿದ್ದು ಮತ್ತೆ ಏಕಾದಶಿ. ಊಟ ಮಾಡಿ ಎಂದು ನಾಲ್ಕು ದಿನದಿಂದ ಕಾಲು ಹಿಡಿಯುತ್ತಿದ್ದೇನೆ, "ನಮ್ಮ ನಂದೂ ಹೇಳ್ಯಾನವಾ, ಏನೂ ಆಗಂಗಿಲ್ಲ" ಎನ್ನುತ್ತಾರೆ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದನ್ನು ನೀವೂ ಕೇಳಿದ್ದೀರಿ. ನೋಟ್ಸು ಕಳಿಸುವುದಿಲ್ಲ. ಶನಿವಾರ ಮುಂದಿನ ಸಾಲಿನಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ.

ಇನ್ನು ನಿಮ್ಮ ಮನೆಯ ಹೊಸ್ತಿಲು ತುಳಿಯದ,
ಹರಿಪ್ರಿಯಾ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆ ಬೆಳಿಗ್ಗೆ ಸೂಜಿ ಚುಚ್ಚಿದವಳು ನಾನು. ನನಗೆ ಹೇಳಿರಲಿಲ್ಲ ಎಂದು ಬರೆದದ್ದು ಸುಳ್ಳು. ಅತ್ತೆಯವರು ಹೇಳಿದ್ದರು. ನಿಮಗೆ ಬಿದ್ದ ಚಪ್ಪಾಳೆಯ ಸಿಟ್ಟು ನನ್ನ ತಲೆಗೇರಿತ್ತು. ಮಗನ ಮಾತು ಕಟ್ಟಿಕೊಂಡು ಏನಾದರೂ ಮಾಡಿಕೊಳ್ಳಲಿ ಎಂದು ತುಟಿ ಪಿಟಕ್ಕೆನ್ನದೆ ಚುಚ್ಚಿದೆ. ನಿಮಗಾದರೋ ಏನೂ ತಿಳಿಯದು, ಹಾರ್ಮೋನುಗಳ ಬಗ್ಗೆ ಓದಿದವಳು ನಾನು. ಅವತ್ತಿನಿಂದ ನಾನು ಸಿರಿಂಜ್ ಮುಟ್ಟಿಲ್ಲ, ಅದಕ್ಕೇ ನಜಮುನ್ನೀಸಾ ಬರುತ್ತಾರೆ. ಇವತ್ತು ಸಂಜೆ ಅಳುತ್ತ ಅವರಿಗೆ ಎಲ್ಲ ಹೇಳಿಬಿಟ್ಟೆ. ಆಮೇಲೆ ನನ್ನ ಕೈ ಹಿಡಿದು ಅಂದರು: "ನಾಡಿದ್ದು ನಾ ಉಣ್ತೀನಿ. ಸೂಜಿ ಮಾತ್ರ ನೀನೇ ಚುಚ್ಚಬೇಕು ನೋಡವಾ."